ಎಕ್ಸ್‌ಚೇಂಜ್ ಅಕ್ಕ ನೋಡದೆ ಬಿಟ್ಟ ಪಟ್ಟಿ

ಮೂವತ್ತೊಂದು ವರ್ಷ ದೂರವಾಣಿ ಕೇಂದ್ರದಲ್ಲಿ ಕರೆಗಳನ್ನು ಜೋಡಿಸುವ ಕೆಲಸ ಮಾಡಿದವರು ಅವರು. ಎತ್ತರದ ಸ್ಟೂಲು, ಎದುರಿಗೆ ನೂರಾರು ತೂತುಗಳ ಹಲಗೆ, ನೆತ್ತಿಯ ಮೇಲೆ ದಿನಕ್ಕೆ ಎಂಟು ಗಂಟೆ ಕುಳಿತಿರುವ, ಕಿವಿಯ ಫೋನಿನ ಕಬ್ಬಿಣದ ಪಟ್ಟಿ. ಹಲಗೆ ಹೋಗಿ ಗುಂಡಿಗಳು ಬಂದವು. ಗುಂಡಿಗಳೂ ಹೋಗಿ ತಾನಾಗಿಯೇ ಜೋಡಿಸಿಕೊಳ್ಳುವ ಯಂತ್ರ ಬಂತು. ಆಮೇಲೆ ಅವರನ್ನು ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು, ಅಲ್ಲಿಂದಲೇ ನಿವೃತ್ತರಾದರು. ಬೀದಿಯವರಿಗೆ ಮಾತ್ರ ಅವರು ಈಗಲೂ ಎಕ್ಸ್‌ಚೇಂಜ್ ಅಕ್ಕ.

ಆ ಕೆಲಸ ಅವರ ಮೈಯಲ್ಲಿ ಎರಡು ಅಭ್ಯಾಸಗಳನ್ನು ಉಳಿಸಿದೆ. ಎದುರಿನವರು ಮಾತು ಮುಗಿಸಿದ ಮೇಲೂ ಒಂದು ಕ್ಷಣ ತಡೆದು, ನಿಜವಾಗಿಯೂ ಮುಗಿಯಿತೆಂದು ಖಾತ್ರಿಯಾದ ಮೇಲೆಯೇ ಅವರು ಬಾಯಿ ತೆರೆಯುತ್ತಾರೆ. ಇನ್ನೊಬ್ಬರ ಕೈಯಲ್ಲಿ ಕಾಗದವೋ ಫೋನೋ ಕಂಡರೆ ಮುಖವನ್ನು ಬೇರೆಡೆಗೆ ತಿರುಗಿಸುತ್ತಾರೆ. ಜೊತೆಗಿರುವ ಅವರ ತಂಗಿಗೆ ಇವೆರಡೂ ಇಲ್ಲ. ಅಕ್ಕ ಉಳಿಸಿದ ಮಾತನ್ನೆಲ್ಲ ತಂಗಿ ಖರ್ಚು ಮಾಡುತ್ತಾಳೆ ಎಂದು ಕೆಳಗಿನ ಮನೆಯ ಚಪ್ಪಲಿ ಹೊಲಿಯುವವನು ಹೇಳುವುದುಂಟು.

ನಿವೃತ್ತಿಯ ಮರುವರ್ಷ ಅಕ್ಕ ಸಾರ್ವಜನಿಕ ಗ್ರಂಥಾಲಯದ ಉಚಿತ ಕಂಪ್ಯೂಟರ್ ತರಗತಿಗೆ ಸೇರಿದರು. ಕಲಿಸುವ ಹುಡುಗಿ, “ಅಮ್ಮಾ, ಮೊಮ್ಮಕ್ಕಳ ಫೋಟೋ ನೋಡೋದು ಕಲೀಬೇಕಾ?” ಎಂದು ಕೇಳಿದಳಂತೆ. ಅಕ್ಕ ಒಂದು ಕ್ಷಣ ತಡೆದು, “ನನಗೆ ಮೊಮ್ಮಕ್ಕಳಿಲ್ಲ. ಮಧ್ಯದಲ್ಲಿ ಕೂತವರಿಗೆ ಈಗ ಏನೇನು ಕೇಳಿಸುತ್ತೆ ಅಂತ ತಿಳ್ಕೋಬೇಕು,” ಎಂದರಂತೆ. ಎರಡು ವರ್ಷ ಅದನ್ನೇ ಕಲಿತರು.

ನಮ್ಮದು ಆಸ್ಪತ್ರೆಗಳ ಮತ್ತು ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಒಂದೇ ಉದ್ದನೆಯ ಕೊಠಡಿಯಲ್ಲಿ ಇಪ್ಪತ್ತಾರು ಜಾಗಗಳು. ಒಗೆಯುವ ಯಂತ್ರ, ಹಿಂಡುವ ಯಂತ್ರ, ಕಾದ ರೋಲರು, ಮಡಿಸುವ ಮೇಜು. ಒಂದೊಂದು ಜಾಗಕ್ಕೆ ಒಬ್ಬೊಬ್ಬಳು ಹೆಂಗಸು. ಒದ್ದೆ ಹಾಸುಗಳನ್ನು ಎರಡೂ ಕೈಯಿಂದ ರೋಲರಿಗೆ ಊಡಿಸುವಾಗ, ಬೆರಳು ತಾಗಿದ ಕೂಡಲೇ ಅದನ್ನು ನಿಲ್ಲಿಸಲೆಂದು ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ಪದೇ ಪದೇ ನಿಂತರೆ ಕೆಲಸ ಹಿಂದೆ ಬೀಳುತ್ತದೆಂದು ಮೇಲ್ವಿಚಾರಕ ಆ ಪಟ್ಟಿಗಳನ್ನು ತಂತಿಯಿಂದ ಮೇಲೆತ್ತಿ ಕಟ್ಟಿಸಿದ್ದ. ಆರನೆಯ ಜಾಗದವಳ ಮೂರು ಬೆರಳುಗಳು ಹಾಸಿನ ಜೊತೆ ಒಳಗೆ ಹೋದ ಮೇಲೆ ನಾವು ಹದಿಮೂರು ಜನ ಸಮಿತಿ ಕಟ್ಟಿಕೊಂಡು, ಕಾರ್ಮಿಕ ಇಲಾಖೆಗೆ ದೂರು ಕೊಡುವ ಮಾತನ್ನು ಫೋನಿನ ಗುಂಪಿನಲ್ಲಿ ಆಡತೊಡಗಿದೆವು. ಕಾರ್ಯದರ್ಶಿ ನಾನು.

ಎರಡನೆಯ ವಾರದಲ್ಲಿಯೇ ಮೇಲ್ವಿಚಾರಕ ನಮ್ಮವಳೊಬ್ಬಳನ್ನು ತಡೆದು, “ಏನಮ್ಮಾ, ‘ತಂತಿ ಕಟ್ಟಿದವನ ಕೈ ಕಟ್ಟಬೇಕು’, ಹಾಗಾ?” ಎಂದ. ಅದು ಆಕೆ ಹಿಂದಿನ ಮಧ್ಯಾಹ್ನ ಗುಂಪಿನಲ್ಲಿ ಬರೆದ ವಾಕ್ಯ, ಒಂದಕ್ಷರವೂ ಬದಲಾಗಿರಲಿಲ್ಲ. ಆ ವಾರವೇ ಅವಳನ್ನೂ ಇನ್ನೊಬ್ಬಳನ್ನೂ ಕೆಲಸದಿಂದ ತೆಗೆದು, ಅವರ ಜಾಗಕ್ಕೆ ಹೊಸಬರನ್ನು ನಿಲ್ಲಿಸಿದರು. ಉಳಿದ ಹನ್ನೊಂದು ಜನ ಒಬ್ಬರ ಮುಖವನ್ನೊಬ್ಬರು ಸಂಶಯದಿಂದ ನೋಡತೊಡಗಿದೆವು. ಆಗ ನಾನು ಎಕ್ಸ್‌ಚೇಂಜ್ ಅಕ್ಕನ ಮೆಟ್ಟಿಲು ಹತ್ತಿದೆ.

“ಗುಟ್ಟಾಗಿ ಮಾತಾಡೋಕೆ ಒಂದು ಒಳ್ಳೆ ಆ್ಯಪ್ ಹಾಕಿಕೊಡಿ,” ಎಂದೆ.

ಅಕ್ಕ ಎಂದಿನಂತೆ ತಡೆದರು. “ಯಾರಿಂದ ಮುಚ್ಚಿಡಬೇಕು?”

“ಎಲ್ಲರಿಂದ.”

“ಎಲ್ಲರಿಂದ ಮುಚ್ಚಿಡೋಕೆ ದೇವರಿಗೂ ಆಗಲ್ಲ. ಒಬ್ಬರನ್ನ ಹೇಳಿ.”

“ಸೂಪರ್‌ವೈಸರ್.”

“ಕೆಲಸದ ಹೊತ್ತಲ್ಲಿ ನಿಮ್ಮ ಫೋನ್ ಎಲ್ಲಿರುತ್ತೆ?”

ಬಾಗಿಲ ಬಳಿ ಮರದ ಗೂಡುಗಳಿವೆ, ಒಳಗೆ ಹೋಗುವ ಮುನ್ನ ಅಲ್ಲಿಡಬೇಕು ಎಂದೆ. ಅಕ್ಕ ನನ್ನ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಡಿಸಿ, ತಂಗಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ತಂಗಿ ಅಡುಗೆಮನೆಯಿಂದ ಒಂದು ಸಂದೇಶ ಕಳಿಸಿದಳು. ಪರದೆ ಬೆಳಗಿತು. ಅಕ್ಕ ಬೆರಳನ್ನೂ ತಾಗಿಸದೆ ಗಟ್ಟಿಯಾಗಿ ಓದಿದರು: “ಬಂದವರಿಗೆ ಟೀ ಕೊಡೋದಾ, ಹಾಗೇ ಕಳಿಸೋದಾ.”

“ಇಷ್ಟೇನಾ?” ಎಂದೆ. ನಮ್ಮೊಳಗೆ ಚಾಡಿಕೋರಳಿದ್ದಾಳೆಂದು ಮೂರು ವಾರ ನಿದ್ದೆಗೆಟ್ಟಿದ್ದೆ.

“ಇಷ್ಟೇ. ಅವನು ದಿನಾ ಗೂಡುಗಳ ಮುಂದೆ ನಿಂತು ಪೇಪರ್ ಓದಿದ ಹಾಗೆ ಓದಿದ್ದಾನೆ,” ಎಂದರು ಅಕ್ಕ. ಒಳಗಿನಿಂದ ತಂಗಿ, “ಟೀ ಕೊಡೋದೇನೇ?” ಎಂದು ಕೂಗಿದಳು.

ಮುಂದಿನ ಮೂರು ಭಾನುವಾರ, ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಕ ನಮ್ಮನ್ನು ಹೊಸ ಗುಂಪಿಗೆ ಒಬ್ಬೊಬ್ಬರನ್ನಾಗಿ ದಾಟಿಸಿದರು. ಕಳಿಸಿದವರ ಮತ್ತು ಪಡೆದವರ ಹೊರತು ಮಧ್ಯದವರಾರೂ ಓದಲಾಗದ ಆ್ಯಪ್ ಅದು. ಮುಚ್ಚಿದ ಪರದೆಯ ಮೇಲೆ ಸಂದೇಶ ಬಂದಿದೆ ಎಂಬುದರ ಹೊರತು ಏನೂ ಕಾಣದಂತೆ ಮಾಡಿದರು. ಬರೆದದ್ದು ಒಂದು ದಿನ ಕಳೆದ ಮೇಲೆ ತಾನಾಗಿ ಅಳಿದುಹೋಗುವಂತೆ ಮಾಡಿದರು. ಫೋನ್ ತೆರೆಯುವ ಗುಪ್ತಸಂಖ್ಯೆಗೆ ಹನ್ನೊಂದರಲ್ಲಿ ಒಂಬತ್ತು ಜನ ಮಕ್ಕಳ ಹುಟ್ಟಿದ ದಿನಾಂಕ ಹಾಕಿದ್ದರು. “ಸೂಪರ್‌ವೈಸರ್ ಹತ್ರ ಮಗುವಿಗೆ ಹುಷಾರಿಲ್ಲ ಅಂತ ರಜೆ ಕೇಳುವಾಗ ವಯಸ್ಸೂ ಹೇಳ್ತೀರಲ್ಲ,” ಎಂದು ಅಕ್ಕ ಅದನ್ನೆಲ್ಲ ಬದಲಿಸಿದರು.

ಕೊನೆಗೆ, “ಗುಂಪಿನಲ್ಲಿ ಯಾರೂ ನಿಜವಾದ ಹೆಸರು ಇಡಬೇಡಿ. ಏನಿಡ್ತೀರಿ ಅನ್ನೋದು ನನಗೂ ಗೊತ್ತಾಗಬಾರದು,” ಎಂದು ಹೇಳಿ, ಅಕ್ಕ ಕಿಟಕಿಯ ಕಡೆ ತಿರುಗಿ ಕುಳಿತರು. ಹತ್ತು ನಿಮಿಷ ಹಾಗೆಯೇ ಕುಳಿತಿದ್ದರು. ಆ ಹತ್ತು ನಿಮಿಷಗಳಲ್ಲಿ ತಪ್ಪು ನಡೆದುಹೋಯಿತು.

ಲಾಂಡ್ರಿಯ ಸದ್ದಿನಲ್ಲಿ ಹೆಸರು ಹಿಡಿದು ಕೂಗಿದರೆ ಕೇಳಿಸದು. ಆದ್ದರಿಂದ ನಾವು ಒಬ್ಬರನ್ನೊಬ್ಬರು ಜಾಗದ ಸಂಖ್ಯೆಯಿಂದ, ಬೆರಳೆತ್ತಿ ತೋರಿಸಿ ಕರೆಯುವುದು. ವರ್ಷಗಟ್ಟಲೆ ಹಾಗೆ ಕರೆದು ಅದೇ ನಮಗೆ ಸಲೀಸಾಗಿತ್ತು. ಏನು ಹೆಸರಿಡುವುದೆಂದು ಉಳಿದವರು ಗೊಂದಲದಲ್ಲಿದ್ದಾಗ, ಜಾಗದ ಸಂಖ್ಯೆಯನ್ನೇ ಇಡಿರೆಂದು ಹೇಳಿದವಳು ನಾನು. ಬಹಳ ಜಾಣತನದ ಮಾತೆಂದು ನನಗೆ ಅನಿಸಿತ್ತು.

ಹನ್ನೊಂದು ಸಹಿಗಳೊಂದಿಗೆ, ತಂತಿ ಕಟ್ಟಿದ ಪಟ್ಟಿಯ ಫೋಟೋದೊಂದಿಗೆ ದೂರು ಕೊಟ್ಟೆವು. ತನಿಖೆಯ ದಿನದವರೆಗೆ ಹೆಸರುಗಳನ್ನು ಹೊರಗೆ ಬಿಡುವುದಿಲ್ಲವೆಂದು ಇಲಾಖೆಯವರು ಹೇಳಿದರು. ಫೋಟೋ ತೆಗೆದವಳು ಏಳನೆಯ ಜಾಗದ ಹುಡುಗಿ. ಅವಳ ಅಣ್ಣನ ಹೆಂಡತಿ ನಾಲ್ಕನೆಯ ಜಾಗದಲ್ಲಿದ್ದಳು. ನಾದಿನಿ ಊಟದ ಹೊತ್ತಿನಲ್ಲೆಲ್ಲ “ಅತ್ತಿಗೇ” ಎಂದು ಕರೆದು ಕರೆದು ಆಕೆ ಇಡೀ ಲಾಂಡ್ರಿಗೆ ಅತ್ತಿಗೆಯಾಗಿದ್ದಳು. ಅಣ್ಣ ತೀರಿಕೊಂಡು ನಾಲ್ಕು ವರ್ಷ. ಎರಡು ಮಕ್ಕಳ ಆ ಮನೆ ಈ ಇಬ್ಬರ ಸಂಬಳದ ಮೇಲೆ ನಿಂತಿತ್ತು.

ಮೇಲ್ವಿಚಾರಕ ಮಂದಬುದ್ಧಿಯವನಲ್ಲ. ಅಷ್ಟು ದಿನ ಬಾಯಿಬಡುಕರಾಗಿದ್ದ ಕೆಲವು ಗೂಡುಗಳು ಒಮ್ಮೆಲೇ ಮೂಗರಾದದ್ದು ಅವನ ಕಣ್ಣಿಗೆ ಬಿತ್ತು. ಒಂದು ಶುಕ್ರವಾರ ಪಾಳಿ ಮುಗಿದಾಗ ಅತ್ತಿಗೆಯ ಫೋನನ್ನು ಎತ್ತಿಕೊಂಡು, “ತೆಗಿ ಇದನ್ನ,” ಎಂದ.

“ನನ್ನ ನಾದಿನಿ ಏನೋ ಹಾಕಿಕೊಟ್ಟಿದ್ದಾಳೆ ಸಾರ್, ಮರೆತುಹೋಗಿದೆ.”

“ನೆನಪು ಮಾಡ್ಕೊಂಡು ಬಾ. ಸೋಮವಾರ ಬೆಳಿಗ್ಗೆ ನನ್ನ ಮುಂದೆ ತೆಗಿಬೇಕು. ಇಲ್ಲಾಂದ್ರೆ ಬರೋದೇ ಬೇಡ,” ಎಂದು ಫೋನನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ.

ಭಾನುವಾರ ಹನ್ನೊಂದು ಗಂಟೆಗೆ ದರ್ಜಿಯ ಕೋಣೆಯಲ್ಲಿ ಸೇರಿದೆವು. ಅಕ್ಕ ಎಲ್ಲವನ್ನೂ ಕೇಳಿ, ಅತ್ತಿಗೆಯ ಕಡೆ ತಿರುಗಿದರು. “ತೆಗೆದು ತೋರಿಸಮ್ಮ. ಬರೆದದ್ದೆಲ್ಲ ಅಳಿದಿರುತ್ತೆ. ಹೆಸರುಗಳೂ ಇಲ್ಲ.”

“ಇಲ್ಲ ಅಕ್ಕ, ಬರೀ ನಂಬರು,” ಎಂದಳು ನಾದಿನಿ.

“ಫೋನ್ ನಂಬರಾ? ಅದು ಕಾಣದ ಹಾಗೆ ಮಾಡಿದೀನಲ್ಲ.”

“ಅದಲ್ಲ. ಜಾಗದ ನಂಬರು.”

ಅಕ್ಕನ ಎಂದಿನ ಒಂದು ಕ್ಷಣ ಆ ದಿನ ಬಹಳ ಉದ್ದವಾಯಿತು. “ಕೊಡು ಇಲ್ಲಿ,” ಎಂದು ನಾದಿನಿಯ ಫೋನನ್ನು ಕೈಗೆ ತೆಗೆದುಕೊಂಡು, ಮೊದಲ ಬಾರಿಗೆ ಗುಂಪಿನ ಪಟ್ಟಿಯನ್ನು ನೋಡಿದರು. ಎರಡು, ನಾಲ್ಕು, ಏಳು, ಒಂಬತ್ತು; ಹೀಗೆ ಇಪ್ಪತ್ತೆರಡರವರೆಗೆ. ಇಪ್ಪತ್ತೆರಡು ನಾನು.

“ಇದು ಯಾರು ಹೇಳಿದ್ದು?”

“ನಾನು. ಹೆಸರು ಬೇಡ ಅಂದ್ರಿ, ಹೆಸರು ಹಾಕಿಲ್ಲ,” ಎಂದೆ.

“ಈ ನಂಬರು ಲಾಂಡ್ರಿಯಲ್ಲಿ ಎಲ್ಲಾದ್ರೂ ಬರೆದಿದೆಯಾ?”

“ಗೋಡೆ ಮೇಲೆ. ಒಂದೊಂದು ಜಾಗದ ಮೇಲೂ.”

“ಎಷ್ಟು ದೊಡ್ಡದಾಗಿ?”

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ತೋರಿಸುತ್ತಿರುವಂತೆಯೇ ನನಗೆ ಅರ್ಥವಾಯಿತು.

ಅಕ್ಕ ಬೈಯಲಿಲ್ಲ. “ತಪ್ಪು ನಂದೂ ಇದೆ. ನೋಡಬೇಕಾದಾಗ ಮುಖ ತಿರುಗಿಸಿದೆ,” ಎಂದಷ್ಟೇ ಹೇಳಿದರು. ಆಮೇಲೆ ಒಂದೊಂದೇ ದಾರಿಯನ್ನು ಹುಡುಕಿ ನೋಡಿದೆವು. ಈಗ ಹೆಸರು ಬದಲಿಸಿದರೆ? ಏಳು ಎಂಬುದು ಇಂಥದ್ದಾಗಿ ಬದಲಾಯಿತು ಎಂದು ಗುಂಪಿನಲ್ಲೇ ಒಂದು ಸಾಲು ಮೂಡುತ್ತದೆ. ನಾಳೆ ಬೆಳಿಗ್ಗೆ ಆರಕ್ಕೆ ಅದು ಇನ್ನೂ ಅಳಿದಿರುವುದಿಲ್ಲ. ಎಲ್ಲರೂ ಗುಂಪು ಬಿಟ್ಟರೆ? ಬಿಟ್ಟವರ ಸಾಲೂ ಮೂಡುತ್ತದೆ. ಅತ್ತಿಗೆಯನ್ನು ಹೊರಗೆ ಹಾಕಿದರೆ? ಆಕೆಯ ಫೋನಿನಲ್ಲಿ ಹಳೆಯ ಪಟ್ಟಿ ಹಾಗೆಯೇ ಉಳಿಯುತ್ತದೆ.

“ನಾನು ತೆಗೆಯಲ್ಲ ಬಿಡಿ. ನನ್ನೊಬ್ಬಳ ಕೆಲಸ ಹೋದ್ರೆ ಹೋಗ್ಲಿ,” ಎಂದಳು ಅತ್ತಿಗೆ.

“ಹೌದೌದು, ಮನೇಲಿ ಗಾಳಿ ತಿಂದ್ಕೊಂಡಿರೋಣ,” ಎಂದು ನಾದಿನಿ ಸಿಡುಕಿದಳು. ಅವಳ ಕಣ್ಣು ತುಂಬಿತ್ತು.

ಅಕ್ಕ ಕೇಳಿದರು: “ಒಟ್ಟು ಎಷ್ಟು ಜಾಗ?”

“ಇಪ್ಪತ್ತಾರು.”

“ಹನ್ನೊಂದು ಇದ್ರೆ ಇದು ಪಟ್ಟಿ. ಇಪ್ಪತ್ತಾರೂ ಇದ್ರೆ ಅದು ಲಾಂಡ್ರಿ. ಇಡೀ ಲಾಂಡ್ರಿನ ಕೆಲಸದಿಂದ ತೆಗೆಯೋಕಾಗುತ್ತಾ?” ಸ್ವಲ್ಪ ತಡೆದು ಅಕ್ಕ ಮುಂದುವರಿಸಿದರು: “ಆದ್ರೆ ಇದು ಗುಟ್ಟಿನ ಉಪಾಯ ಅಲ್ಲ. ಇವತ್ತು ಸೇರಿದವರ ಸಾಲೂ ಅವನಿಗೆ ಕಾಣುತ್ತೆ. ಅವರಿಗೆ ಅದನ್ನ ಮೊದಲೇ ಹೇಳಿ ಒಪ್ಪಿಸಬೇಕು. ಮರೆಮಾಚಿ ಸೇರಿಸೋದಾದ್ರೆ ನಾನು ಬರಲ್ಲ.”

ಉಳಿದ ಹದಿನೈದು ಜನರಲ್ಲಿ ಮೊದಲು ಹಿಡಿಯಬೇಕಾದವಳು ಹದಿನೈದನೆಯ ಜಾಗದವಳೇ. ವಾದಕ್ಕೆ ನಿಂತರೆ ಬಿಡದ ಕಾರಣ ಅವಳನ್ನು ವಕೀಲಮ್ಮ ಎನ್ನುತ್ತೇವೆ. ಅವಳು ಹೂಂ ಎಂದರೆ ಅಂಜುಬುರುಕರು ಹಲವರು ಹಿಂದೆ ಬರುತ್ತಾರೆ. ಅಕ್ಕ ಮತ್ತು ನಾನು ಹೋದಾಗ ಆಕೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಾತು ಪೂರ್ತಿ ಕೇಳಿದಳು, ನಲ್ಲಿ ಮಾತ್ರ ನಿಲ್ಲಿಸಲಿಲ್ಲ.

“ಚೆನ್ನಾಗಿದೆ! ಬೆಂಕಿ ಹಾಕಿಕೊಂಡೋರು ನೀವು, ಕೊಡ ಹೊತ್ತು ಓಡೋಳು ನಾನಾ? ನನ್ನ ಕೇಳಿ ದೂರು ಕೊಟ್ರಾ? ಇಷ್ಟಕ್ಕೂ ಈ ಅಮ್ಮ ಯಾರು? ನಮ್ಮ ಲಾಂಡ್ರಿಯವರೂ ಅಲ್ಲ.”

“ಅಲ್ಲ,” ಎಂದರು ಅಕ್ಕ. “ನಾನು ಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಕೆಲಸಕ್ಕೆ ಸೇರಿ ಮೂರನೇ ವರ್ಷ. ಒಂದು ಕಾರ್ಖಾನೆಯಲ್ಲಿ ಮುಷ್ಕರ ನಡೀತಿತ್ತು. ನಮ್ಮ ಮೇಲಧಿಕಾರಿ ಬಂದು, ಕಾರ್ಖಾನೆ ಸಂಘದ ಆಫೀಸಿಗೆ ರಾತ್ರಿ ಯಾರು ಫೋನ್ ಮಾಡ್ತಾರೆ ಅಂತ ಕೇಳಿದ್ರು. ಯಾರ ಹೆಸರೂ ಗೊತ್ತಿಲ್ಲ ಸಾರ್ ಅಂದೆ. ಹೆಸರು ಬೇಡ, ನಂಬರು ಹೇಳು ಸಾಕು ಅಂದ್ರು. ನಂಬರು ತಾನೇ, ಅದರಲ್ಲೇನಿದೆ ಅಂತ ಹೇಳಿಬಿಟ್ಟೆ.”

ವಕೀಲಮ್ಮ ನಲ್ಲಿ ನಿಲ್ಲಿಸಿದಳು.

“ಆಮೇಲೆ?”

“ಒಂದು ವಾರ ಆದ ಮೇಲೆ ಆ ನಂಬರಿಗೆ ಯಾರೋ ಕರೆ ಕೇಳಿದ್ರು, ಜೋಡಿಸಿದೆ. ಒಬ್ಬ ಹೆಂಗಸು ಎತ್ತಿಕೊಂಡು, ಅವರನ್ನ ಕೆಲಸದಿಂದ ತೆಗೆದ್ರು, ನಾವು ಮನೆ ಖಾಲಿ ಮಾಡ್ತಿದ್ದೀವಿ ಅಂದ್ಲು. ಕೇಳಿಸ್ಕೋಬಾರದಿತ್ತು. ಕೇಳಿಸ್ಕೊಂಡೆ.”

“ಆ ಮನುಷ್ಯ ಏನಾದ?”

“ಗೊತ್ತಿಲ್ಲಮ್ಮ. ನನಗೆ ಗೊತ್ತಿದ್ದದ್ದು ನಂಬರು ಮಾತ್ರ.”

ಇದನ್ನು ಅಕ್ಕ ಅದುವರೆಗೆ ಯಾರಿಗೂ ಹೇಳಿರಲಿಲ್ಲವೆಂದು ಆಮೇಲೆ ಅವರ ತಂಗಿಯಿಂದ ತಿಳಿಯಿತು; ಆ ತಂಗಿಗೂ ಗೊತ್ತಿರಲಿಲ್ಲ. ವಕೀಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಗೋಡೆಗೆ ಒರಗಿ ನಿಂತಳು. “ನನ್ನ ನಂಬರು ಅವನಿಗೆ ಕಾಣುತ್ತೆ ಅಂತೀರಿ.”

“ಕಾಣುತ್ತೆ.”

“ಕೆಲಸ ಹೋಗಲ್ಲ ಅಂತ ಬರೆದುಕೊಡ್ತೀರಾ?”

“ಇಲ್ಲ.”

“ಸದ್ಯ, ಸುಳ್ಳು ಹೇಳಲಿಲ್ಲ.” ತನ್ನ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. “ಸೇರಿಸಿ. ಆದ್ರೆ ಬೆಳಿಗ್ಗೆ ಎದ್ದು ಯಾರಾದ್ರೂ ಹೂವಿನ ಚಿತ್ರ ಹಾಕಿ ಶುಭೋದಯ ಅಂದ್ರೆ ಅವತ್ತೇ ನಾನು ಹೊರಗೆ.”

ಅಲ್ಲಿಂದ ಮುಂದೆ ವಕೀಲಮ್ಮನೇ ನಮಗಿಂತ ಮುಂದೆ ನಡೆದಳು. ಪ್ರತಿ ಮನೆಯಲ್ಲಿಯೂ ಅಕ್ಕ ಅದೇ ಎರಡು ಮಾತು ಹೇಳಿದರು: ನಿಮ್ಮ ಸಂಖ್ಯೆ ಕಾಣುತ್ತದೆ, ಕೆಲಸದ ಭರವಸೆ ನಾನು ಕೊಡಲಾರೆ. ಒಬ್ಬಳು ಗಂಡನನ್ನು ಕೇಳಬೇಕೆಂದಳು, ಗಂಡ ಒಳಗಿನಿಂದ, “ನನ್ನ ಯಾವುದಕ್ಕೆ ಕೇಳಿದ್ದೀಯಾ ಇದುವರೆಗೆ?” ಎಂದ. ಸಂಜೆ ಏಳರ ಹೊತ್ತಿಗೆ ಹನ್ನೆರಡು ಜನ ಸೇರಿದರು. ಮೂವರು ಸೇರಲಿಲ್ಲ. ಅವರ ಬಾಗಿಲಲ್ಲಿ ಅಕ್ಕ ಒಂದು ಮಾತನ್ನೂ ಹೆಚ್ಚಿಗೆ ಆಡದೆ ಕೈ ಮುಗಿದು ಬಂದರು. ಒಟ್ಟು ಇಪ್ಪತ್ತಮೂರು.

ಸೋಮವಾರ ಬೆಳಿಗ್ಗೆ ಆರಕ್ಕೆ ಮೇಲ್ವಿಚಾರಕ ಗೂಡುಗಳ ಮುಂದೆಯೇ ಅತ್ತಿಗೆಯನ್ನು ನಿಲ್ಲಿಸಿಕೊಂಡು ಖಾನೆಯಿಂದ ಫೋನ್ ತೆಗೆದ. ನಾವು ಸಾಲಾಗಿ ಹಿಂದೆ ನಿಂತಿದ್ದೆವು. ನಾದಿನಿ ನನ್ನ ತೋಳನ್ನು ಹಿಡಿದಿದ್ದಳು, ಆ ಹಿಡಿತದ ಗುರುತು ಮಧ್ಯಾಹ್ನದವರೆಗೂ ಉಳಿದಿತ್ತು. ಅತ್ತಿಗೆ ಸಂಖ್ಯೆ ಒತ್ತಿ ಫೋನ್ ತೆರೆದು ಅವನ ಕೈಗೆ ಕೊಟ್ಟಳು. ಅವನು ಗುಂಪನ್ನು ಹುಡುಕಿ ಪಟ್ಟಿಯನ್ನು ತೆರೆದ. ಹೆಬ್ಬೆರಳು ಕೆಳಗೆ ಸರಿಯಿತು, ಇನ್ನೂ ಸರಿಯಿತು, ನಿಂತು ಮತ್ತೆ ಮೇಲೆ ಹೋಯಿತು. ಅವನ ತುಟಿ ಎಣಿಸುತ್ತಿತ್ತು. ಎಣಿಸಿ ಮುಗಿಸಿ ತಲೆಯೆತ್ತಿ, ಸಾಲಿನಲ್ಲಿ ನಿಂತ ಮುಖಗಳನ್ನು ಒಂದೊಂದಾಗಿ ನೋಡಿದ.

“ಏನಿದು ಗುಂಪು?”

“ನೀವೇ ಬರೆಸಿದ ನಂಬರುಗಳು ಸಾರ್,” ಎಂದಳು ಅತ್ತಿಗೆ.

ಹಿಂದಿನಿಂದ ವಕೀಲಮ್ಮ, “ಸಾರ್, ಆಸ್ಪತ್ರೆ ಗಾಡಿ ಬಂದು ನಿಂತಿದೆ. ಹಾಸುಗಳನ್ನ ನಾವು ಒಗೆಯೋದಾ, ನೀವೇ ಒಗೀತೀರಾ?” ಎಂದಳು. ಹಾರ್ನ್ ನಿಜವಾಗಿಯೂ ಕೇಳಿಸುತ್ತಿತ್ತು. ಅವನು ಫೋನನ್ನು ಅತ್ತಿಗೆಯ ಗೂಡಿನಲ್ಲಿ ಅಂಗಾತ ಇಟ್ಟು, “ಹೋಗಿ, ಹೋಗಿ,” ಎಂದು ದಾರಿ ಬಿಟ್ಟ.

ಆ ವಾರ ಯಾರನ್ನೂ ಕರೆಸಲಿಲ್ಲ, ಯಾರನ್ನೂ ತೆಗೆಯಲಿಲ್ಲ. ಗುರುವಾರ ತನಿಖಾಧಿಕಾರಿ ಬಂದಾಗ ತಂತಿಗಳು ಇನ್ನೂ ಬಿಗಿಯಾಗಿಯೇ ಇದ್ದವು. ಆಕೆ ತಾವೇ ನಿಂತು ಕತ್ತರಿಸಿ ಹಾಕಿಸಿದರು. ಆರನೆಯವಳ ಬೆರಳುಗಳ ಮಾತು ಇನ್ನೂ ಕಚೇರಿಯಲ್ಲಿದೆ. ತೆಗೆದುಹಾಕಿದ ಇಬ್ಬರೂ ಹೊರಗೇ ಇದ್ದಾರೆ.

ಮುಂದಿನ ಭಾನುವಾರ ದರ್ಜಿಯ ಕೋಣೆ ಸಾಲದೆ ಕೆಲವರು ಬಾಗಿಲಲ್ಲಿ ನಿಂತರು. ಎಲ್ಲರಿಗೂ ಗೆದ್ದ ಹುರುಪು. ಯಾರೋ, “ಐದು, ಹದಿನೆಂಟು, ಇಪ್ಪತ್ತೈದು! ಆ ಮೂವರಿಗೆ ನಾಚಿಕೆ ಇದೆಯಾ?” ಎಂದಳು. ಅವರ ಜೊತೆ ಊಟಕ್ಕೆ ಕೂರುವುದಿಲ್ಲವೆಂದಳು ಇನ್ನೊಬ್ಬಳು. ನಗು ಎದ್ದಿತು. ನಾನೂ ನಕ್ಕೆ.

ಅಕ್ಕ ನಗು ನಿಲ್ಲುವವರೆಗೆ ಕಾದರು. “ನೋಡಿ, ಗುಂಪಿನಲ್ಲಿ ಇಲ್ಲದ ನಂಬರನ್ನೂ ಓದೋಕೆ ಬಂತು ನಿಮಗೆ. ಅವರ ಮನೇಲಿ ಏನಿದೆಯೋ, ಯಾರಿಗೆ ಹೆದರ್ತಾರೋ, ನಿಮಗೆ ಗೊತ್ತಾ? ಈ ಪಟ್ಟಿ ಈಗ ಆ ಮೂವರದ್ದು. ಇದನ್ನ ಮಾಡಿಸಿದವಳು ನಾನು.”

ಅಕ್ಕ ಆ ಗುಂಪನ್ನು ಎಲ್ಲರ ಫೋನಿನಿಂದಲೂ ಅಳಿಸಿಸಿ, ಹೊಸದೊಂದನ್ನು ಮಾಡಿಸಿದರು. ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಒಬ್ಬೊಬ್ಬಳನ್ನೂ ಪಕ್ಕಕ್ಕೆ ಕರೆದು, “ಈ ಹೆಸರು ಕಂಡ್ರೆ ಅವನಿಗೆ ನೀನು ನೆನಪಾಗ್ತೀಯಾ?” ಎಂದು ಕೇಳಿದರು. ವಕೀಲಮ್ಮ ತನಗೆ ‘ಮೌನ’ ಎಂದು ಹೆಸರಿಟ್ಟುಕೊಂಡದ್ದನ್ನು ತಾನೇ ಹೊರಗೆ ಬಂದು ಹೇಳಿ, ಮತ್ತೆ ಬೇರೆ ಹೆಸರು ಹುಡುಕಬೇಕಾಯಿತು.

ನನ್ನ ಮುಂದೆ ಸಭೆಯ ನಡಾವಳಿ ಪುಸ್ತಕ ತೆರೆದಿತ್ತು. ಹಾಜರಾದವರು, ಗೈರುಹಾಜರಾದವರು ಎಂದು ಎರಡು ಅಂಕಣ ಎಳೆದು, ಎರಡನೆಯದರಲ್ಲಿ ಮೂರು ಸಂಖ್ಯೆಗಳನ್ನು ಬರೆದಾಗಿತ್ತು, ಅಂದವಾದ ಅಕ್ಷರಗಳಲ್ಲಿ. ಗೀಟು ಹಾಕಿದರೂ ಓದಲು ಬರುತ್ತದೆ. ಹಾಳೆಯನ್ನೇ ಹರಿದು ತೆಗೆದು, ಹೊಸ ಹಾಳೆಯ ಮೇಲೆ ಒಂದೇ ಅಂಕಣ ಎಳೆದು ಬರೆದೆ: ಹಾಜರಿದ್ದವರು, ಸಭೆ ನಡೆಸಲು ಬೇಕಾದಷ್ಟು ಜನ.